ಬಿಲ್ಡಪ್‌ಗೆ ರಾಟ್‌ವೀಲರ್, ಮ್ಯಾಲಿನಾಯ್ ತರೋಕೆ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ನಾಯಿಗಳಿಗೆ ಟ್ರೈನಿಂಗ್ ಕೊಡ್ತೀನಿ, ಅದ್ರ ಜೊತೆಗೆ ಮನೆಯವ್ರಿಗೆ ಬೇಡವಾದ ನಾಯಿಗಳಿಗೆ ಬೇರೆ ಮನೆ ಹುಡುಕಿಕೊಡ್ತೀನಿ. ಫೋನ್ ಮಾಡೋರು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನ ಕೇಳ್ತಾರೆ. ಕೆಲವ್ರು ಮರಿ ತರೋಕೆ ಮುಂಚೆ ಕೇಳ್ತಾರೆ, ಅವ್ರಿಗೆ ಕೈ ಮುಗೀಬೇಕು. ಜಾಸ್ತಿ ಜನ ಕೇಳೋದು ಮಾತ್ರ ತಂದು ವರ್ಷ ಒಂದೂವರೆ ವರ್ಷ ಆಗಿ ನಾಯಿ ಕೈಗೆ ಸಿಗ್ದಂಗೆ ಆದ್ಮೇಲೆ. ಅದಕ್ಕೇ ಎಲ್ಲಾನೂ ಒಂದ್ಕಡೆ ಬರೆದಿಡ್ತಿದ್ದೀನಿ.

ಹೈ ಡ್ರೈವ್ ನಾಯಿ ಅಂದ್ರೇನು? ಸಿಟ್ಟಿನ ನಾಯಿ ಅಂತಾನಾ?

ಅಲ್ಲ. ಓಡೋದನ್ನ ಅಟ್ಟಿಸ್ಕೊಂಡು ಹೋಗ್ಬೇಕು, ಹಿಡೀಬೇಕು, ಹಿಡಿದಿದ್ದನ್ನ ಬಿಡಬಾರ್ದು, ಮೂಸಿ ಹುಡುಕ್ಬೇಕು, ಚೆದುರಿದ ಮಂದೆನ ಒಂದ್ಕಡೆ ಸೇರಿಸ್ಬೇಕು, ಇಂಥ ಏನೋ ಒಂದು ತುಡಿತ ಎಲ್ಲಾ ನಾಯಿಗೂ ಇರುತ್ತೆ, ಅದನ್ನೇ ಡ್ರೈವ್ ಅನ್ನೋದು. ಕೆಲಸಕ್ಕೆ ಅಂತಾನೇ ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ತಳಿಗಳಲ್ಲಿ ಆ ತುಡಿತ ಎಷ್ಟಿರುತ್ತೆ ಅಂದ್ರೆ ಊಟದ ತಟ್ಟೆ ಮುಂದಿದ್ರೂ ಬಿಟ್ಟು ಚೆಂಡಿನ ಹಿಂದೆ ಹೋಗುತ್ತೆ, ಕಾಲು ಗಾಯ ಆಗಿದ್ರೂ ಓಡುತ್ತೆ.

ಮ್ಯಾಲಿನಾಯ್ ಬೆಲ್ಜಿಯಂನಲ್ಲಿ ಕುರಿ ಕಾಯ್ತಿದ್ದ ನಾಯಿ. ರಾಟ್‌ವೀಲರ್ ಜರ್ಮನಿಯ ರಾಟ್‌ವೈಲ್ ಊರಲ್ಲಿ ಕಟುಕರ ದನ ಹೊಡ್ಕೊಂಡು ಹೋಗ್ತಿತ್ತು, ಗಾಡಿ ಎಳೀತಿತ್ತು. ಪಿಟ್‌ಬುಲ್‌ನ ಹಿಂದಿನ ತಲೆಮಾರುಗಳನ್ನ ಇಂಗ್ಲೆಂಡಲ್ಲಿ ಗೂಳಿ ಮೇಲೆ ಛೂ ಬಿಡ್ತಿದ್ರು, 1835ರಲ್ಲಿ ಅದನ್ನ ಕಾನೂನು ತಂದು ನಿಲ್ಲಿಸಿದ್ಮೇಲೆ ನಾಯಿಗೂ ನಾಯಿಗೂ ಕಾದಾಟಕ್ಕೆ ಬಿಟ್ರು. ಕಾಕೇಶಿಯನ್ ಶೆಫರ್ಡ್ ಅಂತೂ ಕುರುಬ ಮಲಗಿದ್ದಾಗ ತೋಳ ಬಂದ್ರೆ ಯಾರನ್ನೂ ಕೇಳ್ದೆ ತಾನೇ ತೀರ್ಮಾನ ಮಾಡಿ ಎದುರು ನಿಲ್ಲೋ ನಾಯಿ. ಬೆಟ್ಟದ ಮೇಲೆ ಅದು ದೊಡ್ಡ ಗುಣ. ಅದೇ ನಾಯಿ ನಮ್ಮ ಮನೆ ಹಾಲ್‌ನಲ್ಲಿ ಕೂತು ಗ್ಯಾಸ್ ಸಿಲಿಂಡರ್ ತಂದ ಹುಡುಗ ಒಳಗೆ ಬರಬಹುದಾ ಬೇಡ್ವಾ ಅಂತ ತಾನೇ ತೀರ್ಮಾನ ಮಾಡೋಕೆ ಶುರು ಮಾಡಿದ್ರೆ ಏನಾಗುತ್ತೆ ಯೋಚನೆ ಮಾಡಿ.

ಮ್ಯಾಲಿನಾಯ್ ತುಂಬಾ ಬುದ್ಧಿವಂತ ನಾಯಿ, ಮಿಲಿಟರಿಯವ್ರೇ ಇಟ್ಕೋತಾರೆ. ಮನೇಲಿ ಸಾಕಿದ್ರೆ ಏನ್ ತೊಂದ್ರೆ?

ಮಿಲಿಟರಿಯವ್ರು ಇಟ್ಕೋತಾರೆ ಅನ್ನೋದೇ ನಿಮಗೆ ಮೊದಲ ಎಚ್ಚರಿಕೆ ಆಗ್ಬೇಕು. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಮನೆಗೆ ನುಗ್ಗಿದ ಅಮೆರಿಕದ ತಂಡದ ಜೊತೆ ಕೈರೋ ಅನ್ನೋ ಮ್ಯಾಲಿನಾಯ್ ಇತ್ತು, 2019ರಲ್ಲಿ ಐಸಿಸ್ ಮುಖ್ಯಸ್ಥ ಬಗ್ದಾದಿ ಮೇಲಿನ ಕಾರ್ಯಾಚರಣೆಲಿ ಕಾನನ್ ಅನ್ನೋ ಮ್ಯಾಲಿನಾಯ್ ಇತ್ತು. ಆ ಫೋಟೋಗಳು ಎಲ್ಲರ ಫೋನಲ್ಲೂ ಓಡಾಡಿದ್ವು, ಈಗಂತೂ ಯಾವ ರೀಲ್ಸ್ ನೋಡಿದ್ರೂ ಅದೇ, ಆರಡಿ ಗೋಡೆ ಹಾರೋದು, ಕಾರ್ ಕಿಟಕಿಯಿಂದ ಒಳಗೆ ನುಗ್ಗೋದು.

ನಮ್ಮ ಹತ್ರಾನೇ ನೋಡಿ, ಬೆಂಗಳೂರಿನ ಹೊರಗೆ ತರಳು ಹತ್ರ ಸಿಆರ್‌ಪಿಎಫ್‌ನ ನಾಯಿ ಸಾಕಣೆ ಮತ್ತು ತರಬೇತಿ ಶಾಲೆ ಇದೆ. ನಕ್ಸಲ್ ಇರೋ ಕಾಡುಗಳಲ್ಲಿ ನೆಲದಡಿ ಹೂತಿಟ್ಟ ಬಾಂಬು ಹುಡುಕೋಕೆ ಅಲ್ಲಿ ತಯಾರಾದ ಮ್ಯಾಲಿನಾಯ್‌ಗಳು ಹೋಗ್ತವೆ. 2024ರ ಪ್ಯಾರಿಸ್ ಒಲಿಂಪಿಕ್ಸ್ ಭದ್ರತೆಗೆ ಭಾರತದಿಂದ ಹೋದ ನಾಯಿಗಳಲ್ಲಿ ಸಿಆರ್‌ಪಿಎಫ್‌ನ ವಾಸ್ಟ್, ಡೆನ್ಬಿ ಅನ್ನೋ ಎರಡು ಮ್ಯಾಲಿನಾಯ್‌ಗಳಿದ್ವು. ಹೆಮ್ಮೆ ಪಡೋ ವಿಷಯಾನೇ. ಆದ್ರೆ ಅಂಥ ಒಂದೊಂದು ನಾಯಿ ಹಿಂದೆ ಒಬ್ಬ ಹ್ಯಾಂಡ್ಲರ್ ಇರ್ತಾನೆ, ಆ ನಾಯೀನ ನೋಡ್ಕೊಳ್ಳೋದೇ ಅವನ ಸರ್ಕಾರಿ ಕೆಲಸ, ಬೆಳಗ್ಗೆ ಕತ್ತಲಲ್ಲೇ ಎದ್ದು ಓಡಿಸ್ತಾನೆ, ಮೈ ಬಾಚ್ತಾನೆ, ತಿಂಗಳುಗಟ್ಲೆ ಪಾಠ ಹೇಳ್ಕೊಡ್ತಾನೆ, ಪಾಠ ಮುಗಿದ್ಮೇಲೂ ದಿನಾ ಅಭ್ಯಾಸ ಮಾಡಿಸ್ತಾನೆ. ನೀವು ಬೆಳಗ್ಗೆ ಒಂಬತ್ತಕ್ಕೆ ಕ್ಯಾಬ್ ಹತ್ತಿ ರಾತ್ರಿ ಎಂಟಕ್ಕೆ ಬರೋರು, ನಿಮ್ಮ ಹತ್ರ ಆ ಟೈಮ್ ಎಲ್ಲಿದೆ? ಬುದ್ಧಿವಂತ ನಾಯಿಗೆ ಕೆಲಸ ಕೊಡ್ಲಿಲ್ಲ ಅಂದ್ರೆ ತನ್ನ ಕೆಲಸಾನ ತಾನೇ ಹುಡ್ಕೊಳ್ಳುತ್ತೆ, ಅದು ಬೈಕ್ ಅಟ್ಟೋದಿರಬಹುದು, ಮಕ್ಕಳ ಹಿಮ್ಮಡಿ ಕಚ್ಚಿ ಒಂದು ಮೂಲೆಗೆ ಸೇರ್ಸೋದಿರಬಹುದು.

ನಮ್ದು 2 ಬಿಎಚ್‌ಕೆ ಫ್ಲ್ಯಾಟು. ದಿನಾ ಅರ್ಧ ಗಂಟೆ ವಾಕಿಂಗ್ ಕರ್ಕೊಂಡು ಹೋಗ್ತೀನಿ, ಸಾಕಾಗಲ್ವಾ?

ಲ್ಯಾಬ್ರಡಾರ್‌ಗೇ ಸಾಕಾಗಲ್ಲ.

ವೈಟ್‌ಫೀಲ್ಡ್ ಕಡೆ ಒಂದು ಮನೆಗೆ ಕರೆದಿದ್ರು, ಎಂಟನೇ ಫ್ಲೋರು, ಬಾಲ್ಕನೀಲಿ ಒಂದು ಹೆಣ್ಣು ಮ್ಯಾಲಿನಾಯ್. ನಾನು ಹೋದಾಗ ಅದು ಸುತ್ತುತ್ತಾ ಇತ್ತು, ಬಲಗಡೆಯಿಂದ ಶುರು ಮಾಡಿ ವಾಷಿಂಗ್ ಮೆಷಿನ್ ಬಳಸಿ ಮತ್ತೆ ಅಲ್ಲಿಗೇ, ಒಂದ್ಸಲಾನೂ ಎಡಗಡೆ ತಿರುಗ್ಲಿಲ್ಲ. ಟೈಲ್ಸ್ ಮೇಲೆ ಅದು ಓಡಾಡೋ ಜಾಗ ಮಾತ್ರ ಬಣ್ಣ ಬೇರೆ ಆಗಿತ್ತು. ಬಾಲದ ತುದೀಲಿ ಕೂದಲೇ ಇರ್ಲಿಲ್ಲ, ತಾನೇ ಕಚ್ಚಿ ಕಚ್ಚಿ ಹಸಿ ಗಾಯ ಮಾಡ್ಕೊಂಡಿತ್ತು. ಮೂಲೆ ಗೋಡೆ ಕೆರೆದು ಒಳಗಿನ ಇಟ್ಟಿಗೆ ಕಾಣ್ತಿತ್ತು. ಕೆಳಗೆ ಸ್ಕೂಟರ್ ಸದ್ದಾದ್ರೆ ಮಾತ್ರ ಸುತ್ತೋದು ನಿಲ್ಲಿಸಿ ಗ್ರಿಲ್‌ಗೆ ಮೂತಿ ತುರುಕೋದು, ಉಜ್ಜಿ ಉಜ್ಜಿ ಮೂಗಿನ ಮೇಲಿನ ಕಪ್ಪು ಚರ್ಮ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮನೆಯವ್ರು ಕೆಟ್ಟೋರಲ್ಲ, ಒಳ್ಳೆ ಫುಡ್ ಹಾಕ್ತಿದ್ರು, ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಿದ್ರು, ಇನ್‌ಸ್ಟಾದಲ್ಲಿ ಅದ್ರ ಹೆಸರಲ್ಲಿ ಒಂದು ಪೇಜೂ ಇತ್ತು. ಆ ಪೇಜಲ್ಲಿ ಕಾಣೋ ನಾಯಿ ಕಿವಿ ನೆಟ್ಟಗೆ ಮಾಡ್ಕೊಂಡು ರಾಜನ ಥರ ಕೂತಿರೋದು. ನಾನು ನೋಡಿದ್ದು ಹುಚ್ಚು ಹಿಡಿಯೋ ಹಂತಕ್ಕೆ ಬಂದಿದ್ದ ಒಂದು ಎಳೇ ಜೀವ.

ಇಂಥ ನಾಯಿಗೆ ದಿನಕ್ಕೆ ಎರಡು ಗಂಟೆ ಮೈ ದಣಿಸ್ಬೇಕು, ಅದ್ರ ಮೇಲೆ ತಲೆ ದಣಿಸೋ ಕೆಲಸಾನೂ ಬೇಕು, ವಾಸನೆ ಹುಡುಕೋದು, ಹಗ್ಗ ಎಳೆದಾಟ, ಹೇಳಿದ ಮಾತು ಕೇಳಿ ಕಾಯೋದು. ಮಳೆ ಇರ್ಲಿ ಹಬ್ಬ ಇರ್ಲಿ ಮನೇಲಿ ಮದುವೆ ಇರ್ಲಿ, ಹತ್ತು ಹನ್ನೆರಡು ವರ್ಷ.

ತೋಟದ ಮನೆಗೆ ಕಾವಲಿಗೆ ಬೇಕು, ಅದಕ್ಕಾದ್ರೂ ರಾಟ್‌ವೀಲರ್ ಸರಿ ತಾನೆ?

ಕಾವಲು ಅಂದ್ರೆ ಏನು ಬೇಕು ಅಂತ ಮೊದಲು ತೀರ್ಮಾನ ಮಾಡಿ. ಯಾರಾದ್ರೂ ಬಂದ್ರೆ ಬೊಗಳಿ ಗೊತ್ತು ಮಾಡ್ಬೇಕು ಅಂದ್ರೆ ಊರ ನಾಯಿ ಎರಡು ಸಾಕು, ಅವುಗಳಷ್ಟು ಕಿವಿ ಚುರುಕಿರೋ ನಾಯಿ ಇಲ್ಲ, ನಮ್ಮ ಹವಾಮಾನಕ್ಕೂ ಒಗ್ಗಿರ್ತವೆ. ರಾಟ್‌ವೀಲರ್ ತಂದು ಹಗಲೆಲ್ಲಾ ಚೈನಲ್ಲಿ ಕಟ್ಟಿ ರಾತ್ರಿ ಬಿಟ್ರೆ ಅದು ಕಾವಲು ನಾಯಿ ಆಗಲ್ಲ, ಜನರನ್ನೇ ಕಾಣದ, ಹೆದರಿದ, ಐವತ್ತು ಕೆಜಿ ತೂಕದ ನಾಯಿ ಆಗುತ್ತೆ. ಅದಕ್ಕೆ ಕಳ್ಳನೂ ಒಂದೇ, ದಾರಿ ತಪ್ಪಿ ಬಂದ ಮಗೂನೂ ಒಂದೇ, ಬೆಳಗ್ಗೆ ಹಾಲು ಕರೆಯೋಕೆ ಬರೋ ಹೆಂಗಸೂ ಒಂದೇ. ಇಡೀ ದಿನ ಕಟ್ಟಿಹಾಕೋದು ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ 11ನೇ ಸೆಕ್ಷನ್ ಪ್ರಕಾರ ಅಪರಾಧ ಕೂಡ. ತೋಟಕ್ಕೆ ಬೇಲಿ ಸರಿ ಇಲ್ಲ ಅಂದ್ರೆ ಮೊದಲು ಬೇಲಿ ಹಾಕ್ಸಿ.

ಕೇಂದ್ರ ಸರ್ಕಾರ 23 ತಳಿ ಬ್ಯಾನ್ ಮಾಡಿತ್ತಲ್ಲ, ಅದು ಈಗ ಇದೆಯಾ?

2024ರ ಮಾರ್ಚ್ 12ಕ್ಕೆ ಪಶುಸಂಗೋಪನೆ ಇಲಾಖೆ ಎಲ್ಲಾ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸ್ತು. ಪಿಟ್‌ಬುಲ್, ರಾಟ್‌ವೀಲರ್, ಕೇನ್ ಕೊರ್ಸೊ, ಕಾಕೇಶಿಯನ್ ಶೆಫರ್ಡ್, ಡೋಗೋ ಅರ್ಜೆಂಟಿನೋ, ತೋಸಾ, ಅಕಿಟಾ, ವುಲ್ಫ್‌ಡಾಗ್ (ತೋಳ, ನಾಯಿ ಬೆರೆತದ್ದು) ಎಲ್ಲಾ ಸೇರಿ 23 ತಳಿಗೆ ಲೈಸೆನ್ಸ್ ಕೊಡಬೇಡಿ, ಮಾರೋಕೆ ಬಿಡಬೇಡಿ, ಈಗಾಗ್ಲೇ ಇರೋದಕ್ಕೆ ಸಂತಾನಹರಣ ಮಾಡ್ಸಿ ಅಂತ. ಅದನ್ನ ಪ್ರಶ್ನೆ ಮಾಡಿ ಬೆಂಗಳೂರಲ್ಲೇ ಕೇಸ್ ಹಾಕಿದ್ರು. ಕರ್ನಾಟಕ ಹೈಕೋರ್ಟ್ ಮೊದಲು ತಡೆ ಕೊಟ್ಟು, ಏಪ್ರಿಲ್ 10ಕ್ಕೆ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠ ಸುತ್ತೋಲೆನೇ ರದ್ದು ಮಾಡ್ತು. ಸಂಬಂಧಪಟ್ಟವರ ಅಭಿಪ್ರಾಯ ಕೇಳ್ದೇ ಹೊರಡಿಸಿದ್ದು ಸರಿಯಲ್ಲ, ಬೇಕಿದ್ರೆ ಎಲ್ಲರನ್ನೂ ಕೇಳಿ ಕಾನೂನು ಪ್ರಕಾರ ಹೊಸದಾಗಿ ಮಾಡ್ಬಹುದು ಅನ್ನೋದು ಅದರ ಸಾರ.

ಆ ಪಟ್ಟಿ ನೋಡಿ ನಂಗೆ ಆಗಿದ್ದ ಬೇಸರ ಬೇರೆ. ಅದ್ರಲ್ಲಿ ‘ಟೆರಿಯರ್‌ಗಳು’ ಅಂತ ಸುಮ್ನೆ ಒಂದು ಪದ ಇತ್ತು, ಅದು ಎಷ್ಟೋ ತಳಿ ಸೇರಿದ ದೊಡ್ಡ ಗುಂಪು, ಮಡಿಲಲ್ಲಿ ಕೂರೋ ನಾಯಿಗಳೂ ಅದ್ರಲ್ಲಿ ಬಂದ್ಬಿಡ್ತವೆ. ಮ್ಯಾಲಿನಾಯ್ ಮಾತ್ರ ಇರ್ಲೇ ಇಲ್ಲ. ಫ್ಲ್ಯಾಟಲ್ಲಿ ಇಡೋಕೆ ಅದಕ್ಕಿಂತ ಕಷ್ಟದ ನಾಯಿ ನಂಗೆ ಗೊತ್ತಿಲ್ಲ. ಪಟ್ಟಿ ಮಾಡಿ ಬಿಟ್ರೆ ಶೋಕಿಗೆ ತರೋನು ಪಟ್ಟಿಲಿ ಇಲ್ದೇ ಇರೋದನ್ನ ಹುಡುಕ್ತಾನೆ ಅಷ್ಟೇ. ಇಂಗ್ಲೆಂಡಲ್ಲಿ 1991ರಲ್ಲೇ ಕಾನೂನು ತಂದು ಪಿಟ್‌ಬುಲ್ ಸೇರಿ ನಾಲ್ಕು ಥರದ ನಾಯಿ ನಿಷೇಧ ಮಾಡಿದ್ರು. ಆಮೇಲೆ ಅಲ್ಲಿ ಪಿಟ್‌ಬುಲ್ ಥರದ್ದೇ ಇನ್ನೂ ದಪ್ಪ ಮೈಕಟ್ಟಿನ ಎಕ್ಸ್‌ಎಲ್ ಬುಲ್ಲಿ ಬಂತು, ಅದನ್ನೂ ಸೇರಿಸಿ 2024ರ ಫೆಬ್ರವರಿ 1ರಿಂದ ವಿನಾಯಿತಿ ಸರ್ಟಿಫಿಕೇಟ್ ಇಲ್ದೇ ಇಟ್ಕೊಂಡ್ರೆ ಅಪರಾಧ ಅಂತ ಮಾಡ್ಬೇಕಾಯ್ತು.

ಹಾಗಾದ್ರೆ ತಪ್ಪು ತಳೀದಾ, ಓನರ್‌ದಾ?

ಎಲ್ಲಾ ಓನರ್ ಕೈಲಿದೆ, ಪ್ರೀತಿಯಿಂದ ಸಾಕಿದ್ರೆ ಯಾವ ನಾಯೀನೂ ಏನೂ ಮಾಡಲ್ಲ ಅಂತ ಹೇಳೋರಿದ್ದಾರೆ, ನಾನು ಒಪ್ಪಲ್ಲ. ತಳಿ ಗುಣ ಇದ್ದೇ ಇರುತ್ತೆ, ಇಲ್ಲ ಅಂದಿದ್ರೆ ಸಿಆರ್‌ಪಿಎಫ್‌ನವ್ರು ಪಗ್ ಇಟ್ಕೋತಿದ್ರು. ಪಮೇರಿಯನ್ ಕಚ್ಚಿದ್ರೆ ಹೊಲಿಗೆ ಹಾಕ್ಸಿಕೊಂಡು ಮನೆಗೆ ಬರ್ತೀವಿ, ರಾಟ್‌ವೀಲರ್ ಕಚ್ಚಿ ಹಿಡಿದು ಅಲ್ಲಾಡಿಸಿದ್ರೆ ಬರ್ತೀವೋ ಇಲ್ವೋ. ಈ ವ್ಯತ್ಯಾಸಾನ ಮುಚ್ಚಿಡೋದು ಸುಳ್ಳು ಹೇಳ್ದಂಗೆ. ಹಾಗಂತ ಜವಾಬ್ದಾರಿ ನಾಯಿ ಮೇಲೆ ಹಾಕೋಕಾಗಲ್ಲ, ಯಾಕಂದ್ರೆ ಇಷ್ಟು ಶಕ್ತಿ ಇರೋ ನಾಯೀನೇ ಬೇಕು ಅಂತ ಹುಡುಕಿ ದುಡ್ಡು ಕೊಟ್ಟು ತಂದಿದ್ದು ಮನುಷ್ಯ. ಹೊಸ ಥಾರ್ ಪಕ್ಕ ನಿಲ್ಲಿಸಿ ಫೋಟೋ ಹೊಡೆಯೋಕೆ, ಬೀದಿಲಿ ನಾಲ್ಕು ಜನ ದಾರಿ ಬಿಡ್ಲಿ ಅಂತ, ಏರಿಯಾದಲ್ಲಿ ಹವಾ ಇರ್ಲಿ ಅಂತ ತಂದವನಿಗೆ ನಾಯಿ ಜನಾನ ಹೆದರಿಸ್ತಿದ್ರೆ ಒಳಗೊಳಗೇ ಖುಷಿ. ನಾಯಿಗೆ ಆ ಖುಷಿ ತಿಳಿಯುತ್ತೆ. ಗುರ್ ಅಂದಾಗ ಬೆನ್ನು ತಟ್ಟಿದ್ರೆ ನಾಳೆ ಇನ್ನೂ ಜೋರಾಗಿ ಗುರ್ ಅನ್ನುತ್ತೆ, ನಾಡಿದ್ದು ಮುಂದಿನ ಹೆಜ್ಜೆ ಇಡುತ್ತೆ.

ಪಿಟ್‌ಬುಲ್ ದವಡೆ ಲಾಕ್ ಆಗುತ್ತಂತೆ, ನಿಜಾನಾ?

ಸುಳ್ಳು. ಎಲ್ಲಾ ನಾಯಿಗೂ ದವಡೆ ಒಂದೇ ಥರ ಕೆಲಸ ಮಾಡುತ್ತೆ. ಅದು ಬಿಡಲ್ಲ ಅನ್ನೋದು ನಿಜ, ಬಿಡದೇ ಇರೋದೇ ಅದ್ರ ಸ್ವಭಾವ.

ಮರಿಗೆ ಕೆಸಿಐ ಪೇಪರ್ ಇದೆ, ಒಂದು ಲಕ್ಷ ಹೇಳ್ತಿದ್ದಾರೆ. ಪೇಪರ್ ಇದ್ರೆ ಭಯ ಇಲ್ಲ ಅಲ್ವಾ?

ಕೆನಲ್ ಕ್ಲಬ್ ಆಫ್ ಇಂಡಿಯಾ ಪೇಪರ್ ಹೇಳೋದು ಆ ಮರಿ ಅಪ್ಪ ಅಮ್ಮ ಯಾರು ಅನ್ನೋದನ್ನ. ಸ್ವಭಾವ ಹೇಗಿದೆ, ಸೊಂಟದ ಕೀಲು ಗಟ್ಟಿ ಇದೆಯಾ, ಅದ್ಯಾವುದೂ ಅದ್ರಲ್ಲಿ ಇರಲ್ಲ. ಪಿಟ್‌ಬುಲ್‌ಗೆ ಕೆಸಿಐ ಪೇಪರ್ ಇದೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಆ ತಳೀನ ಕೆಸಿಐ ನೋಂದಣಿ ಮಾಡೋದೇ ಇಲ್ಲ.

ದುಡ್ಡಿನ ಮಾತಂತೂ ಮಿತಿ ಮೀರಿದೆ. 2025ರಲ್ಲಿ ಬೆಂಗಳೂರಲ್ಲಿ 50 ಕೋಟಿ ಕೊಟ್ಟು ತಂದ ವುಲ್ಫ್‌ಡಾಗ್ ಅಂತ ದೇಶವಿದೇಶದ ಪೇಪರ್‌ಗಳಲ್ಲೆಲ್ಲಾ ಬಂತು. ಆಮೇಲೆ ಇ.ಡಿ.ಯವ್ರು ಹೋಗಿ ವಿಚಾರಿಸಿದಾಗ ಆ ಮಾತಿಗೆ ಆಧಾರ ಇಲ್ಲ ಅಂತ ವರದಿ ಆಯ್ತು. ಇಷ್ಟರೊಳಗೆ ಎಷ್ಟು ಹುಡುಗರು ‘ವುಲ್ಫ್‌ಡಾಗ್ ಸಿಗುತ್ತಾ ಅಣ್ಣ’ ಅಂತ ನಂಗೇ ಫೋನ್ ಮಾಡಿದ್ರು.

ಬ್ರೀಡರ್ ಹತ್ರ ಹೋದ್ರೆ ಮರಿ ಮುಖ ನೋಡೋಕೆ ಮುಂಚೆ ತಾಯಿ ನಾಯಿ ತೋರ್ಸಿ ಅನ್ನಿ. ತಾಯಿ ನಾಯಿ ನಿಮ್ಮನ್ನ ಹತ್ರ ಬಿಟ್ಕೊಳ್ಳಲಿಲ್ಲ ಅಂದ್ರೆ, ಅಥವಾ ಅದು ಹೆದರಿ ಮೂಲೆ ಸೇರಿದ್ರೆ, ಮರಿ ಬೇಡ. ನಾಯಿ ತಳಿ ಸಾಕಣೆ ಮತ್ತು ಮಾರಾಟದ 2017ರ ನಿಯಮದ ಪ್ರಕಾರ ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಲಿ ನೋಂದಣಿ ಆಗಿರ್ಬೇಕು, ಎಂಟು ವಾರ ತುಂಬದ ಮರೀನ ಮಾರೋ ಹಾಗಿಲ್ಲ. ಮೂವತ್ತು ದಿನದ ಮರಿ ತಗೊಂಡು ಹೋಗಿ, ಚಿಕ್ಕದಿದ್ದಾಗಲೇ ಒಗ್ಗುತ್ತೆ ಅಂತಾರಲ್ಲ, ಅದು ತಪ್ಪು. ಎಷ್ಟು ಜೋರಾಗಿ ಕಚ್ಚಿದ್ರೆ ಇನ್ನೊಂದಕ್ಕೆ ನೋವಾಗುತ್ತೆ ಅನ್ನೋದನ್ನ ಮರಿ ಕಲಿಯೋದು ಅಮ್ಮನ ಹತ್ರ, ಒಡಹುಟ್ಟಿದ ಮರಿಗಳ ಜೊತೆ ಆಡ್ತಾ. ಆ ಪಾಠಾನ ನಾವು ಆಮೇಲೆ ಹೇಳ್ಕೊಡೋದು ಬಹಳ ಕಷ್ಟ.

ಕಿವಿ ಕಟ್ ಮಾಡ್ಸಿದ್ರೆ ಲುಕ್ ಚೆನ್ನಾಗಿ ಬರುತ್ತೆ ಅಂತಾರೆ.

ನಾಯಿಗೆ ಅದರಿಂದ ಏನೂ ಉಪಯೋಗ ಇಲ್ಲ, ನೋವು ಮಾತ್ರ. ಕಿವಿ, ಬಾಲದಿಂದಾನೇ ನಾಯಿಗಳು ಒಂದಕ್ಕೊಂದು ಮಾತಾಡೋದು, ಅದನ್ನೂ ಕತ್ತರಿಸಿದ್ರೆ ಎದುರಿನ ನಾಯಿಗೆ ಇದ್ರ ಮನಸ್ಸು ಗೊತ್ತಾಗಲ್ಲ. ಮಾಡ್ಸಬೇಡಿ.

ಟ್ರೈನಿಂಗ್‌ಗೆ ಎರಡು ತಿಂಗಳು ಬಿಟ್ಟುಬಂದ್ರೆ ಎಲ್ಲಾ ಸರಿ ಹೋಗುತ್ತಾ? ಸ್ವಲ್ಪ ಅಗ್ರೆಸಿವ್ ಮಾಡಿಕೊಡಿ ಅಂದ್ರೆ ಮಾಡ್ತೀರಾ?

ಎರಡನೇದಕ್ಕೆ ಮೊದಲು ಉತ್ತರ ಹೇಳ್ತೀನಿ: ಮಾಡಲ್ಲ. ದುಡ್ಡು ಎಷ್ಟಾದ್ರೂ ಕೊಡಿ. ಪೊಲೀಸ್ ನಾಯಿಗೆ ಕಚ್ಚೋದರ ಜೊತೆಗೆ ಬಿಡೋದನ್ನೂ ಕಲಿಸ್ತಾರೆ, ಒಂದೇ ಮಾತಿಗೆ ಬಾಯಿ ಬಿಡ್ಬೇಕು. ಗೋಣಿಚೀಲ ಸುತ್ಕೊಂಡು ಕೋಲಲ್ಲಿ ತಿವಿದು ಕೆರಳಿಸಿ ‘ಗಾರ್ಡ್ ಟ್ರೈನಿಂಗ್’ ಅಂತ ಹೇಳೋರು ನಿಮ್ಮ ನಾಯಿಗೆ ಕಲಿಸೋದು ಮನುಷ್ಯರ ಮೇಲೆ ಅಪನಂಬಿಕೆ ಮಾತ್ರ. ಅಂಥ ನಾಯಿ ವಾಪಸ್ ಬಂದು ಒಂದಿನ ಮನೆಯವ್ರ ಮೇಲೇ ತಿರುಗುತ್ತೆ, ತಿರುಗಿರೋದನ್ನ ನೋಡಿದ್ದೀನಿ.

ಎರಡು ತಿಂಗಳು ಬಿಟ್ಟುಬರೋ ವಿಚಾರ. ನಾಯಿ ನನ್ನ ಮಾತು ಕೇಳೋದು ಕಲಿಯುತ್ತೆ. ನಿಮ್ಮ ಮಾತು ಕೇಳ್ಬೇಕಂದ್ರೆ ನೀವು ಬಂದು ನಿಲ್ಬೇಕು. ಮರಿ ಹುಟ್ಟಿದ ಮೂರನೇ ವಾರದಿಂದ ಹೆಚ್ಚುಕಮ್ಮಿ ಹದಿನಾಲ್ಕನೇ ವಾರದ ತನಕ ಏನೇನು ನೋಡುತ್ತೋ ಅದೆಲ್ಲಾ ಅದಕ್ಕೆ ಮಾಮೂಲಿ ಆಗುತ್ತೆ: ಕೊಡೆ ಹಿಡಿದೋರು, ಬುರ್ಖಾ ಹಾಕಿದೋರು, ಹೆಲ್ಮೆಟ್, ಗಾಲಿಕುರ್ಚಿ, ಓಡೋ ಮಕ್ಕಳು, ತರಕಾರಿ ಗಾಡಿಯವರ ಕೂಗು, ಗಣೇಶನ ಹಬ್ಬದ ತಮಟೆ. ಎಲ್ಲಾ ಇಂಜೆಕ್ಷನ್ ಮುಗಿಯೋ ತನಕ ಹೊರಗೆ ಬಿಡಬೇಡಿ ಅಂದ್ರು ಅಂತ ನಾಲ್ಕು ತಿಂಗಳು ಕೋಣೇಲಿ ಇಟ್ಟುಬಿಡ್ತಾರೆ. ನೆಲಕ್ಕೆ ಬಿಡಬೇಡಿ, ಆದ್ರೆ ಎತ್ಕೊಂಡು ಹೋಗಿ ಗೇಟ್ ಹತ್ರ ನಿಂತ್ಕೊಳ್ಳಿ, ಕಾರಲ್ಲಿ ಕೂರಿಸಿ ಮಾರ್ಕೆಟ್ ತೋರ್ಸಿ. ಇದನ್ನ ಯಾವ ಟ್ರೈನರೂ ಆಮೇಲೆ ವಾಪಸ್ ತಂದುಕೊಡೋಕಾಗಲ್ಲ.

ನನ್ನ ಮಗ ನಮ್ಮನ್ನ ಕೇಳ್ದೇ ರಾಟ್‌ವೀಲರ್ ತಂದಿದ್ದಾನೆ. ಅವ್ನು ಡ್ಯೂಟಿಗೆ ಹೋದ್ರೆ ರಾತ್ರಿ ಬರೋದು. ಊಟ ಹಾಕೋಕೆ ಹೋದ್ರೆ ಗುರ್ ಅನ್ನುತ್ತೆ, ನಂಗೆ ಭಯ. ಏನ್ ಮಾಡ್ಲಿ?

ಅಮ್ಮಾ, ನಿಮ್ಮ ಭಯ ಸರಿಯಾಗೇ ಇದೆ, ಯಾರಾದ್ರೂ ನಕ್ಕರೆ ತಲೆ ಕೆಡಿಸ್ಕೋಬೇಡಿ. ಈ ಥರದ ಫೋನ್ ಬಂದಾಗ ನಂಗೆ ಬೇರೆಲ್ಲಾ ಕೆಲಸ ಬಿಟ್ಟು ಮೊದಲು ಇದನ್ನ ನೋಡ್ಬೇಕು ಅನ್ಸುತ್ತೆ, ಯಾಕಂದ್ರೆ ನಮ್ಮ ಮನೆಗಳಲ್ಲಿ ನಾಯಿ ತರೋದು ಒಬ್ರು, ಸಾಕೋದು ಇನ್ನೊಬ್ರು. ಮಗ ತರ್ತಾನೆ, ಅಮ್ಮ ಅನ್ನ ಕಲಸ್ತಾರೆ. ಯಜಮಾನ್ರು ತರ್ತಾರೆ, ಚೈನ್ ಹಿಡ್ಕೊಂಡು ಬೀದಿಲಿ ಎಳೆಸ್ಕೊಂಡು ಹೋಗೋದು ಡ್ರೈವರ್ರೋ ಮನೆಕೆಲಸದ ಹುಡುಗನೋ. 2022ರ ಜುಲೈಲಿ ಲಖನೌದಲ್ಲಿ ಎಂಬತ್ತು ದಾಟಿದ ನಿವೃತ್ತ ಶಿಕ್ಷಕಿ ಒಬ್ಬರು ಮಗ ಸಾಕಿದ್ದ ಪಿಟ್‌ಬುಲ್ ದಾಳಿಯಿಂದ ತಮ್ಮ ಮನೇಲೇ ತೀರಿಕೊಂಡ್ರು, ಮಗ ಮನೇಲಿ ಇರ್ಲಿಲ್ಲ.

ಗುರ್ ಅನ್ನೋದಕ್ಕೆ ಹೊಡೀಬೇಡಿ, ಮಗನಿಗೂ ಹೊಡೆಯೋಕೆ ಬಿಡಬೇಡಿ. ಗುರ್ ಅನ್ನೋದು ದೂರ ಇರಿ ಅಂತ ಅದು ಹೇಳೋ ರೀತಿ. ಹೊಡೆದು ಆ ಸದ್ದು ನಿಲ್ಲಿಸಿದ್ರೆ ಆಮೇಲೆ ಸದ್ದಿಲ್ದೇ ಕಚ್ಚುತ್ತೆ. ನಾಯಿ ಇರೋ ಜಾಗಕ್ಕೆ ತಟ್ಟೆ ಹಿಡ್ಕೊಂಡು ಹೋಗ್ಬೇಡಿ. ನಾಯಿ ಬೇರೆ ಕಡೆ ಇರುವಾಗ ಕೆನಲ್ ಒಳಗೆ ತಟ್ಟೆ ಇಟ್ಟು ನೀವು ಹೊರಗೆ ಬಂದ್ಮೇಲೆ ಅದು ಒಳಗೆ ಹೋಗೋ ಹಾಗೆ ನಡುವೆ ಒಂದು ಗೇಟು ಹಾಕ್ಸಿ, ವೆಲ್ಡಿಂಗ್ ಅಂಗಡಿಯವ್ರಿಗೆ ಹೇಳಿದ್ರೆ ಒಂದಿನದ ಕೆಲಸ. ತಿಂತಿರುವಾಗ ತಟ್ಟೆ ಎಳೀಬೇಡಿ, ಮೊಮ್ಮಕ್ಕಳು ಬಂದ್ರೆ ಆ ಕಡೆ ಬಿಡಲೇಬೇಡಿ. ಮಗನ ಹತ್ರ ಕೂತು ನೇರವಾಗಿ ಹೇಳಿ: ಬೆಳಗ್ಗೆ ಡ್ಯೂಟಿಗೆ ಮುಂಚೆ ಒಂದು ಗಂಟೆ, ಬಂದ್ಮೇಲೆ ಒಂದು ಗಂಟೆ ನೀನೇ ನೋಡ್ಕೋಬೇಕು, ಊಟ ನೀನೇ ಹಾಕು, ಆಗಲ್ಲ ಅಂದ್ರೆ ನಾಯಿಗೆ ಒಳ್ಳೆ ಮನೆ ಹುಡುಕೋಣ. ನಿಮ್ಮ ಮಾತು ಅವ್ನು ಕೇಳಲ್ಲ ಅಂದ್ರೆ ನಂಗೆ ಫೋನ್ ಕೊಡಿ, ನಾನು ಮಾತಾಡ್ತೀನಿ.

ಮಝಲ್ (ಕಚ್ಚದ ಹಾಗೆ ನಾಯಿ ಮೂತಿಗೆ ಹಾಕೋ ಕವಚ) ಹಾಕೋದು ಹಿಂಸೆ ಅಲ್ವಾ? ಅಪಾರ್ಟ್‌ಮೆಂಟ್‌ನವ್ರು ಕಡ್ಡಾಯ ಅಂತಿದ್ದಾರೆ.

ಬುಟ್ಟಿ ಥರದ ಮಝಲ್, ಬಾಯಿ ತೆರೆದು ಏದುಸಿರು ಬಿಡೋಕೆ, ನೀರು ಕುಡಿಯೋಕೆ ಆಗೋದು, ನಿಧಾನಕ್ಕೆ ತಿಂಡಿ ಕೊಟ್ಟು ಅಭ್ಯಾಸ ಮಾಡ್ಸಿದ್ರೆ ಹಿಂಸೆ ಇಲ್ಲ. ಬಟ್ಟೆದು ಬಾಯಿ ಬಿಗಿದು ಕಟ್ಟೋದು ಬೇಡ, ನಮ್ಮ ಬಿಸಿಲಿಗೆ ಉಸಿರು ಕಟ್ಟುತ್ತೆ. ಕಾನೂನು ಕೇಳಿದ್ರೆ, ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿ ಪ್ರಕಾರ ಅಸೋಸಿಯೇಷನ್‌ನವ್ರು ನಾಯಿ ಸಾಕೋದನ್ನ ನಿಷೇಧ ಮಾಡೋ ಹಾಗಿಲ್ಲ, ಮಝಲ್ ಹಾಕ್ಲೇಬೇಕು ಅಂತ ಒತ್ತಾಯ ಮಾಡೋ ಹಾಗೂ ಇಲ್ಲ, ಬೆಲ್ಟ್ ಹಾಕಿ ಹಿಡ್ಕೊಳ್ಳಿ ಅಂತ ಕೇಳ್ಬಹುದು. ಆದ್ರೆ ಯಾರೂ ಒತ್ತಾಯ ಮಾಡ್ದೇ ಇದ್ರೂ ದೊಡ್ಡ ನಾಯಿ ಇರೋರು ನೀವೇ ಹಾಕಿ. ಲಿಫ್ಟಲ್ಲಿ ಮಗು ಇದ್ರೆ ಮುಂದಿನ ಲಿಫ್ಟಿಗೆ ಹೋಗಿ. ‘ಏನ್ ಮಾಡಲ್ಲ ಬನ್ನಿ’ ಅಂತ ಹೆದರಿ ನಿಂತೋರನ್ನ ಕರೆಯೋದು ನಿಲ್ಲಿಸಿ, ಅವ್ರ ಭಯಕ್ಕೂ ಬೆಲೆ ಇದೆ. 2024ರ ಮೇ ತಿಂಗಳಲ್ಲಿ ಚೆನ್ನೈನ ಒಂದು ಪಾರ್ಕಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿ ಮೇಲೆ ಬಿದ್ವು, ತಲೆಗೆ ದೊಡ್ಡ ಗಾಯ ಆಯ್ತು.

ನಾಯಿ ಯಾರಿಗಾದ್ರೂ ಕಚ್ಚಿದ್ರೆ ನಂಗೆ ಏನಾಗುತ್ತೆ?

ಮೊದಲು ಕಚ್ಚಿಸ್ಕೊಂಡೋರಿಗೆ ಏನಾಗುತ್ತೆ ನೋಡಿ. ಗಾಯಾನ ಸೋಪು ಹಾಕಿ ನಲ್ಲಿ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ, ನಾಯಿಗೆ ಇಂಜೆಕ್ಷನ್ ಆಗಿದೆ ಅಂತ ಸುಮ್ಮನಿರಬೇಡಿ, ಆಸ್ಪತ್ರೆಗೆ ಕರ್ಕೊಂಡು ಹೋಗಿ, ಖರ್ಚು ನೀವು ಕೊಡಿ. ರಕ್ತ ಬರೋ ಗಾಯಕ್ಕೆ ರೇಬಿಸ್ ಲಸಿಕೆ ಜೊತೆ ಗಾಯದ ಜಾಗಕ್ಕೇ ಕೊಡೋ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನೂ ಬೇಕಾಗುತ್ತೆ.

ಕಾನೂನು ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್, ಸಾಕಿದ ಪ್ರಾಣಿ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದ್ರೆ ಆರು ತಿಂಗಳ ತನಕ ಜೈಲು ಅಥವಾ ಐದು ಸಾವಿರದ ತನಕ ದಂಡ, ಅಥವಾ ಎರಡೂ. ಜೀವ ಹೋದ್ರೆ ನಿರ್ಲಕ್ಷ್ಯದಿಂದ ಸಾವು ಅಂತ 106ನೇ ಸೆಕ್ಷನ್ ಬರುತ್ತೆ, ಐದು ವರ್ಷದ ತನಕ ಶಿಕ್ಷೆ. ನನ್ನ ಪ್ರಕಾರ 291ರ ಐದು ಸಾವಿರ ತೀರಾ ಕಮ್ಮಿ, ಲಕ್ಷ ಕೊಟ್ಟು ಮರಿ ತರೋನಿಗೆ ಅದು ಲೆಕ್ಕಕ್ಕೇ ಇಲ್ಲ.

ಹಸ್ಕಿ ಸಾಕ್ಬಹುದಾ? ನಮ್ಮೂರು ಕಲಬುರಗಿ.

ದಯವಿಟ್ಟು ಬೇಡ. ಹಿಮದಲ್ಲಿ ಸ್ಲೆಡ್ ಎಳೆಯೋ ನಾಯಿ, ನಿಮ್ಮ ಏಪ್ರಿಲ್ ಬಿಸಿಲು ನಲವತ್ತು ದಾಟುತ್ತೆ. ಎಸಿ ರೂಮಲ್ಲಿ ಇಡ್ತೀನಿ ಅಂದ್ರೆ ಓಡೋಕೆ ಹುಟ್ಟಿದ ನಾಯೀನ ಆರು ತಿಂಗಳು ಒಂದು ರೂಮಲ್ಲಿ ಕೂಡಿಹಾಕ್ದಂಗೆ, ಕರೆಂಟ್ ಹೋದ ದಿನ ಅದ್ರ ಜೀವಕ್ಕೇ ಅಪಾಯ.

ವಿದೇಶಿ ತಳಿ ಬೇಡ, ಮುಧೋಳ ತಗೊಳ್ತೀನಿ. ಅದಕ್ಕೆ ಏನೂ ತೊಂದ್ರೆ ಇಲ್ಲ ತಾನೆ?

ಮುಧೋಳ ಅಂದ್ರೆ ನಂಗೆ ಪ್ರಾಣ. 2005ರಲ್ಲಿ ಅಂಚೆ ಚೀಟಿ ಮೇಲೆ ಬಂದ ನಾಯಿ, ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಬೆಳೆದ ಮರಿಗಳು ಸೇನೆಗೂ ಹೋಗಿವೆ. ಆದ್ರೆ ಅದೂ ಬೇಟೆ ನಾಯಿ. ಕಣ್ಣಿಗೆ ದೂರದಲ್ಲಿ ಏನಾದ್ರೂ ಓಡಿದ್ದು ಕಂಡ್ರೆ ನೀವು ಕರೆದಿದ್ದು ಅದ್ರ ಕಿವಿಗೆ ಬೀಳಲ್ಲ. ಬೆಕ್ಕು, ಕೋಳಿ, ಆಡಿನ ಮರಿ ಇರೋ ಬೀದಿಲಿ ಬೆಲ್ಟ್ ಬಿಚ್ಚೋ ಹಾಗಿಲ್ಲ, ಗಿಡ್ಡ ಕಾಂಪೌಂಡು ಅದಕ್ಕೆ ಲೆಕ್ಕಕ್ಕಿಲ್ಲ. ಬಾಗಲಕೋಟೆ ಕಡೆ ಹೊಲದಲ್ಲಿ ಗಾಳಿ ಥರ ಓಡೋ ನಾಯೀನ ತಂದು ಥರ್ಟಿ ಫಾರ್ಟಿ ಸೈಟಿನ ಮನೆ ಪೋರ್ಟಿಕೋದಲ್ಲಿ ಕಟ್ಟಿದ್ರೆ ಅದಕ್ಕೂ ಅದೇ ಗತಿ. ನೆಲ ಇದೆ, ಎತ್ತರದ ಬೇಲಿ ಇದೆ, ಟೈಮ್ ಇದೆ ಅಂದ್ರೆ ಸಂತೋಷವಾಗಿ ತನ್ನಿ. ಬರೀ ನಾಯಿ ಜೊತೆ ಬೇಕು ಅಂದ್ರೆ ರೆಸ್ಕ್ಯೂನವ್ರ ಹತ್ರ ನಾಲ್ಕೈದು ವರ್ಷದ ಶಾಂತ ಸ್ವಭಾವದ ನಾಯಿಗಳು ಎಷ್ಟೋ ಇರ್ತವೆ, ಸ್ವಭಾವ ಹೇಗೆ ಅಂತ ಆಗ್ಲೇ ಗೊತ್ತಿರುತ್ತೆ.

ಈಗಾಗ್ಲೇ ತಂದಾಗಿದೆ, ಒಂದೂವರೆ ವರ್ಷ, ಕೈ ಮೀರ್ತಿದೆ. ಯಾವ್ದಾದ್ರೂ ತೋಟಕ್ಕೆ ಬಿಟ್ಟುಬಿಡ್ಲಾ?

ಬಿಡಬೇಡಿ. ಹೈವೇ ಪಕ್ಕ, ಕೆರೆ ಹತ್ರ, ಯಾರದೋ ತೋಟದಲ್ಲಿ ರಾತ್ರೋರಾತ್ರಿ ಇಳಿಸಿ ಹೋಗ್ತಾರೆ. ಹಾಗೆ ಬಿಟ್ಟ ನಾಯಿ ಹಸಿವಿಂದ ಸಾಯುತ್ತೆ, ಇಲ್ಲಾಂದ್ರೆ ಹಾದೀಲಿ ಹೋಗೋರ ಮೇಲೆ ಬೀಳುತ್ತೆ. ಸಾಕಿದ ಪ್ರಾಣೀನ ಹೀಗೆ ಬಿಡೋದೂ ಅದೇ 1960ರ ಕಾಯ್ದೆ ಪ್ರಕಾರ ಅಪರಾಧ.

ಒಂದೂವರೆಯಿಂದ ಮೂರು ವರ್ಷದೊಳಗೆ ಈ ತಳಿಗಳು ದೊಡ್ಡೋರಾಗ್ತವೆ, ಮರಿ ಇದ್ದಾಗ ಸುಮ್ಮನಿದ್ದದ್ದು ಈಗ ತನ್ನ ಜಾಗ, ತನ್ನ ಊಟ ಅಂತ ನಿಲ್ಲುತ್ತೆ. ಅದಕ್ಕೇ ಫೋನ್‌ಗಳೆಲ್ಲಾ ಈ ವಯಸ್ಸಲ್ಲೇ ಬರೋದು. ಮೊದಲು ಡಾಕ್ಟ್ರ ಹತ್ರ ಪೂರ್ತಿ ಚೆಕ್ ಮಾಡ್ಸಿ, ಸೊಂಟ ನೋವು, ಕಿವಿ ಸೋಂಕು ಇದ್ರೂ ನಾಯಿ ಮುಟ್ಟಿಸ್ಕೊಳ್ಳಲ್ಲ, ಸಿಡುಕುತ್ತೆ. ಸಂತಾನಹರಣ ಮಾಡ್ಸಿ, ಸ್ವಭಾವ ಅದ್ರಿಂದಾನೇ ಬದಲಾಗಲ್ಲ, ಆದ್ರೆ ಇನ್ನಷ್ಟು ಮರಿ ಹುಟ್ಟಿ ಇದೇ ಕಥೆ ಮುಂದುವರಿಯೋದು ನಿಲ್ಲುತ್ತೆ. ದಿನಚರಿ ಬದಲಾಯಿಸಿ ಎರಡು ಮೂರು ತಿಂಗಳು ನೀವೇ ನಿಂತು ಒಳ್ಳೆ ಟ್ರೈನರ್ ಜೊತೆ ಕೆಲಸ ಮಾಡಿದ್ರೆ ಎಷ್ಟೋ ನಾಯಿಗಳು ತಹಬಂದಿಗೆ ಬರ್ತವೆ. ನಾನು ಹೇಳಿದ ವೈಟ್‌ಫೀಲ್ಡ್ ಮನೆಯವ್ರಿಗೆ ಅಷ್ಟು ಟೈಮ್ ಇರ್ಲಿಲ್ಲ. ಒಪ್ಕೊಂಡು ನಾಯೀನ ಹಾಸನದ ಕಡೆ ವರ್ಕಿಂಗ್ ಡಾಗ್ ಸಾಕಿ ಅನುಭವ ಇರೋರಿಗೆ ಕೊಟ್ರು, ಅದು ಅವ್ರು ಮಾಡಿದ ಒಳ್ಳೆ ಕೆಲಸ.

ಕೊಡಲೇಬೇಕು ಅಂದ್ರೆ ಮೊದಲು ಮರಿ ಮಾರಿದ ಬ್ರೀಡರ್‌ನ ಕೇಳಿ, ಆಮೇಲೆ ನಮ್ಮಂಥ ಗುಂಪುಗಳನ್ನ ಕೇಳಿ, ಒಂದು ವಾರದಲ್ಲಿ ಆಗೋ ಕೆಲಸ ಅಲ್ಲ, ತಿಂಗಳುಗಟ್ಲೆ ಹಿಡಿಯುತ್ತೆ, ಅಲ್ಲಿ ತನಕ ನೀವೇ ಇಟ್ಕೋಬೇಕು. ‘ಫ್ರೀಯಾಗಿ ಕೊಡ್ತೀನಿ’ ಅಂತ ಸುಮ್ನೆ ಪೋಸ್ಟ್ ಹಾಕಬೇಡಿ, ಮರಿ ಹಾಕ್ಸಿ ದುಡ್ಡು ಮಾಡೋರು ಮೊದಲು ಫೋನ್ ಮಾಡ್ತಾರೆ. ತಗೊಳ್ಳೋರ ಮನೆ ನೋಡಿ, ಬೇಲಿ ನೋಡಿ, ಹಗಲು ಮನೇಲಿ ಯಾರಿರ್ತಾರೆ ಕೇಳಿ. ನಾಯಿ ಯಾರಿಗಾದ್ರೂ ಕಚ್ಚಿದ್ರೆ ಯಾವಾಗ, ಯಾರಿಗೆ, ಎಷ್ಟು ಆಳಕ್ಕೆ, ಅದಕ್ಕೆ ಮುಂಚೆ ಏನು ನಡೆದಿತ್ತು ಅನ್ನೋದನ್ನ ಒಂದೂ ಮುಚ್ಚಿಡದೆ ಕಾಗದದ ಮೇಲೆ ಬರೆದು ಲಸಿಕೆ ಪುಸ್ತಕದ ಜೊತೆ ಕೊಡಿ.